ಅಂಗವಿಕಲರಿಗೆ ವಿದ್ಯುತ್ ಕಾರು ಒಗ್ಗೀತೇ?

ವಿದ್ಯುತ್ ಕಾರಿನ ಮಾತು ಬಂದಾಗಲೆಲ್ಲ ಮಲೆನಾಡಿನಲ್ಲಿ ಎರಡು ಪ್ರಶ್ನೆಗಳು ಕೇಳಿಬರುತ್ತವೆ. ಅದು ಘಾಟಿ ಹತ್ತೀತೇ? ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಹೋದೀತು? ಪರಿಸರ ಚಳವಳಿಯವರು ಇವಕ್ಕೆ ಮೂರನೆಯದೊಂದನ್ನು ಸೇರಿಸುತ್ತಾರೆ: ಅದಕ್ಕೆ ಬೇಕಾದ ವಿದ್ಯುತ್ತು ಯಾವ ಕಣಿವೆಯನ್ನು ಬಲಿಗೊಟ್ಟು ಬರುತ್ತದೆ? ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ನಾಲ್ಕನೆಯ ಪ್ರಶ್ನೆಯೊಂದು ಸಭೆಗಳಲ್ಲಿಯೂ ಕರಪತ್ರಗಳಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಕಾಲಿನಲ್ಲಿ ಶಕ್ತಿಯಿಲ್ಲದವರು, ಒಂದೇ ಕೈಯುಳ್ಳವರು, ಗಾಲಿಕುರ್ಚಿಯಲ್ಲಿ ದಿನ ಕಳೆಯುವವರು ಈ ಕಾರನ್ನು ತಾವೇ ಓಡಿಸಿಕೊಂಡು ಆಸ್ಪತ್ರೆಗೆ, ಕಚೇರಿಗೆ, ಸಂತೆಗೆ ಹೋಗಿ ಬರಬಲ್ಲರೇ?

ಮಲೆನಾಡಿಗೆ ಅಂಗವೈಕಲ್ಯವು ದೂರದ ವಿಷಯವಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಅಡಿಕೆ ಮರವೇರಿ ಜಾರಿ ಬಿದ್ದ ಕೊನೆಗಾರರು, ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರು ಅನೇಕ ಊರುಗಳಲ್ಲಿದ್ದಾರೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಮೊದಲು ಗುರುತಿಸಲಾದ, ಸೊಂಟದ ಕೀಲುಗಳನ್ನು ಸವೆಸುವ ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬಡ ಕುಟುಂಬಗಳನ್ನು ತಲೆಮಾರುಗಳಿಂದ ಕಾಡಿದೆ. ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಪಶ್ಚಿಮ ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಏನನ್ನು ಉಳಿಸಿ ಹೋಯಿತೆಂಬುದನ್ನು ಪರಿಸರ ಚಳವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದರು. ಅವರಲ್ಲಿ ಚಲನೆಯ ತೊಂದರೆಯುಳ್ಳವರು 54 ಲಕ್ಷಕ್ಕೂ ಹೆಚ್ಚು. ಕರ್ನಾಟಕದ ಸಂಖ್ಯೆ 13.24 ಲಕ್ಷ. ದೇಶದ ಅಂಗವಿಕಲರಲ್ಲಿ ಶೇ 69ರಷ್ಟು ಮಂದಿ ಹಳ್ಳಿಗಳಲ್ಲಿಯೇ ವಾಸಿಸುತ್ತಿದ್ದರು.

ವಿದ್ಯುತ್ ಕಾರಿನ ಯಂತ್ರ ಅಂಗವಿಕಲ ಚಾಲಕರಿಗೆ ಚೆನ್ನಾಗಿಯೇ ಒಗ್ಗುತ್ತದೆ. ಒಗ್ಗದೆ ಉಳಿದಿರುವುದು ಅದನ್ನು ಸುತ್ತುವರಿದಿರುವ ಏರ್ಪಾಡು: ಚಾರ್ಜಿಂಗ್ ಕಟ್ಟೆ, ಮನೆಯ ದಾರಿ, ತೆರಿಗೆಯ ನಿಯಮ, ಸರ್ಕಾರದ ಯೋಜನೆ. ಈ ಏರ್ಪಾಡು ಇನ್ನೂ ಕಟ್ಟಲ್ಪಡುತ್ತಿರುವ ಹಂತದಲ್ಲಿದೆ. ಸಿಮೆಂಟು ಹಸಿಯಾಗಿರುವಾಗಲೇ ತಿದ್ದಿದರೆ ಖರ್ಚು ಕಡಿಮೆ. ಗಟ್ಟಿಯಾದ ಮೇಲೆ ಮೆಟ್ಟಿಲು ಒಡೆಯುವ ಕೆಲಸ ಯಾವ ಇಲಾಖೆಗೂ ಬೇಡವಾಗುತ್ತದೆ.

ಕ್ಲಚ್ ಇಲ್ಲದಿರುವುದರ ಅನುಕೂಲ

ಸಾಮಾನ್ಯ ಪೆಟ್ರೋಲ್ ಕಾರನ್ನು ಓಡಿಸಲು ಎರಡು ಕಾಲು, ಎರಡು ಕೈ ಬೇಕು. ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸುವಾಗ ಕ್ಲಚ್ಚನ್ನು ಅರ್ಧ ಬಿಟ್ಟು, ಬ್ರೇಕ್ ಸಡಿಲಿಸಿ, ಎಕ್ಸಿಲರೇಟರ್ ಒತ್ತುವ ಸರ್ಕಸ್ಸು ಘಟ್ಟದ ಎಲ್ಲ ಚಾಲಕರಿಗೂ ಗೊತ್ತು. ಕಾಲಿನಲ್ಲಿ ಶಕ್ತಿಯಿಲ್ಲದವರಿಗೆ ಇಂಥ ಕಾರನ್ನು ಮಾರ್ಪಡಿಸುವಾಗ ಬ್ರೇಕ್ ಮತ್ತು ಎಕ್ಸಿಲರೇಟರ್‌ಗಳನ್ನು ಒಂದು ಕೈಸನ್ನೆಗೆ ಜೋಡಿಸುತ್ತಾರೆ. ಕ್ಲಚ್ಚಿಗೆ ಬೇರೆ ಏರ್ಪಾಡು ಮಾಡುತ್ತಾರೆ. ಸ್ಟಿಯರಿಂಗ್, ಗೇರ್, ಕ್ಲಚ್, ಬ್ರೇಕ್, ಎಕ್ಸಿಲರೇಟರ್ ಐದೂ ಎರಡೇ ಕೈಗಳ ಪಾಲಿಗೆ ಬರುತ್ತವೆ. ಬಯಲಿನ ನೇರ ರಸ್ತೆಯಲ್ಲಿ ಇದು ನಡೆದೀತು. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ, ಎದುರಿನಿಂದ ಬಸ್ಸು ಬರುತ್ತಿರುವಾಗ, ಇದು ಬಹಳ ಕಷ್ಟ.

ವಿದ್ಯುತ್ ಕಾರಿನಲ್ಲಿ ಕ್ಲಚ್ ಇಲ್ಲ. ಬದಲಾಯಿಸಬೇಕಾದ ಗೇರೂ ಇಲ್ಲ. ಒಂದು ಕೈಯಲ್ಲಿ ಸನ್ನೆ, ಇನ್ನೊಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದರೆ ಸಾಕು. ಪೆಟ್ರೋಲಿನ ಆಟೊಮ್ಯಾಟಿಕ್ ಕಾರಿನಲ್ಲಿಯೂ ಕ್ಲಚ್ ಒತ್ತುವ ಕೆಲಸವಿಲ್ಲವೆಂಬುದು ನಿಜ. ಆದರೆ ವಿದ್ಯುತ್ ಮೋಟಾರಿಗೆ ಇನ್ನೂ ಒಂದು ಗುಣವಿದೆ. ಎಕ್ಸಿಲರೇಟರ್ ಬಿಟ್ಟೊಡನೆ ಚಕ್ರಗಳ ಓಟವೇ ಮೋಟಾರನ್ನು ತಿರುಗಿಸಿ, ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಆ ಕೆಲಸದಲ್ಲಿಯೇ ಕಾರಿನ ವೇಗ ಇಳಿಯುತ್ತದೆ. ಇದನ್ನು ರೀಜನರೇಟಿವ್ ಬ್ರೇಕಿಂಗ್ ಎನ್ನುತ್ತಾರೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಬೇಕಾದ ಸಂದರ್ಭಗಳು ಇದರಿಂದ ಕಡಿಮೆಯಾಗುತ್ತವೆ. ಕೈಯಿಂದಲೇ ಬ್ರೇಕ್ ಹಾಕುವವರಿಗೆ, ತೋಳಿನಲ್ಲಿ ಬಲ ಕಡಿಮೆಯಿರುವವರಿಗೆ, ಬೇಗ ದಣಿಯುವವರಿಗೆ ಇದು ದೊಡ್ಡ ಉಪಕಾರ.

ಕಿವಿ ಕೇಳದವರ ವಿಷಯವೂ ಇಲ್ಲಿ ಪ್ರಸ್ತುತ. ಅವರಿಗೆ ಚಾಲನಾ ಪರವಾನಗಿ ನಿರಾಕರಿಸುವ ಪದ್ಧತಿಯ ವಿರುದ್ಧ ದೆಹಲಿ ಹೈಕೋರ್ಟ್ 2011ರಲ್ಲಿ ತೀರ್ಪು ನೀಡಿತು. ಎಂಜಿನ್ನಿನ ಸದ್ದು ಕೇಳಿ ಗೇರ್ ಬದಲಿಸುವ ರೂಢಿಯೇ ವಿದ್ಯುತ್ ಕಾರಿನಲ್ಲಿ ಇಲ್ಲವಾದ್ದರಿಂದ, ಈ ಒಂದು ವಿಷಯದಲ್ಲಿ ಕಿವಿ ಕೇಳುವವರೂ ಕೇಳದವರೂ ಸಮಾನರು.

ಕರ್ನಾಟಕಕ್ಕೆ ಇದು ತೀರ ಹೊಸ ಸಂಗತಿಯೂ ಅಲ್ಲ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ, ಮುಂದೆ ಲಂಡನ್ನಿನ ಬೀದಿಗಳಲ್ಲಿ ಜೀ-ವಿಜ್ ಎಂಬ ಹೆಸರಿನಿಂದ ಓಡಾಡಿದ ಪುಟ್ಟ ರೇವಾ ಕಾರಿನಲ್ಲಿಯೂ ಕ್ಲಚ್ ಇರಲಿಲ್ಲ, ಗೇರ್ ಬದಲಿಸುವ ಕೆಲಸವಿರಲಿಲ್ಲ. ಅಂಗವಿಕಲ ಚಾಲಕರನ್ನು ನೆನೆದು ಒಂದು ಸಾರ್ವಜನಿಕ ವ್ಯವಸ್ಥೆಯನ್ನು ಕಟ್ಟಲು ರಾಜ್ಯಕ್ಕೆ ಅಂದಿನಿಂದ ಎರಡು ದಶಕಗಳಿಗೂ ಹೆಚ್ಚು ಕಾಲಾವಕಾಶವಿತ್ತು.

ಘಟ್ಟದ ಲೆಕ್ಕ

ಘಾಟಿ ಹತ್ತುವ ಪ್ರಶ್ನೆಗೆ ಶಾಲೆಯ ಭೌತಶಾಸ್ತ್ರವೇ ಉತ್ತರ ಕೊಡುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು. ಜನರೂ ಸೇರಿ 1,300 ಕಿಲೊಗ್ರಾಂ ತೂಗುವ ಕಾರನ್ನು 500 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 64 ಲಕ್ಷ ಜೌಲ್, ಅಂದರೆ 1.8 ಯೂನಿಟ್ ವಿದ್ಯುತ್ತು. ನಷ್ಟವನ್ನು ಸೇರಿಸಿದರೂ ಏರಿನ ಪಾಲಿಗೆ ಎರಡು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚಾದೀತು. ಭಾರತದ ಸಣ್ಣ ವಿದ್ಯುತ್ ಕಾರುಗಳ ಬ್ಯಾಟರಿ 17ರಿಂದ 24 ಯೂನಿಟ್ ಹಿಡಿಯುತ್ತದೆ. ಆದ್ದರಿಂದ ಘಾಟಿಯ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ಇಳಿಯುವಾಗ ಆ ಖರ್ಚಿನ ಒಂದು ಪಾಲು ಮರಳಿಯೂ ಬರುತ್ತದೆ.

ಎಚ್ಚರಿಕೆ ಬೇಕಾಗಿರುವುದು ಇಳಿಯುವಾಗ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳಿಬರುವ ವಿದ್ಯುತ್ತಿಗೆ ಅದರಲ್ಲಿ ಜಾಗವಿರುವುದಿಲ್ಲ. ಆಗ ಮೋಟಾರಿನ ತಡೆ ಕಡಿಮೆಯಾಗಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಘಟ್ಟದ ಮೇಲಿನ ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ, ಬೆಳಿಗ್ಗೆ ನೇರ ಕರಾವಳಿಗೆ ಇಳಿಯುವವರು ಬ್ಯಾಟರಿಯನ್ನು ಸ್ವಲ್ಪ ಖಾಲಿ ಉಳಿಸಿಕೊಳ್ಳುವುದು ಲೇಸು. ಕೈಸನ್ನೆಯಿಂದ ಬ್ರೇಕ್ ಹಾಕುವ ಚಾಲಕರಂತೂ ಇದನ್ನು ಮರೆಯುವಂತಿಲ್ಲ. ಮಾರುವವರು ಗಿರಾಕಿಗೆ ಹೇಳಲೇಬೇಕಾದ ಮಾತಿದು.

ಬಂಕಿನಲ್ಲಿದ್ದ ಮನುಷ್ಯ ಇಲ್ಲಿಲ್ಲ

ಮನೆಯಲ್ಲಿಯೇ ಚಾರ್ಜ್ ಮಾಡಬಹುದೆಂಬುದು ಅಂಗವಿಕಲರಿಗೆ ವಿದ್ಯುತ್ ಕಾರಿನ ದೊಡ್ಡ ಆಕರ್ಷಣೆ. 15 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ಥಿಂಗ್, ಎಂಟೊಂಬತ್ತು ಗಂಟೆಯ ಕಾಲ ಇದ್ದರೆ ಸಣ್ಣ ಕಾರು ತುಂಬುತ್ತದೆ. ಆದರೆ ಆಷಾಢದ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದರೆ ಮಲೆನಾಡಿನ ಒಂಟಿಮನೆಗಳಿಗೆ ದಿನಗಟ್ಟಲೆ ಕರೆಂಟಿಲ್ಲ. ಅಂಥ ದಿನಗಳಲ್ಲಿ ಪೇಟೆಯ ಚಾರ್ಜಿಂಗ್ ಕೇಂದ್ರವೇ ಗತಿ.

ಅಲ್ಲಿ ಕಾಣುವುದೇನು? ಪೆಟ್ರೋಲ್ ಬಂಕಿನಲ್ಲಿ ಒಬ್ಬ ಮನುಷ್ಯನಿರುತ್ತಾನೆ. ಚಾಲಕರು ಕುಳಿತಲ್ಲಿಂದ ಏಳಬೇಕಾಗಿಲ್ಲ. ಚಾರ್ಜಿಂಗ್ ಕೇಂದ್ರಗಳಲ್ಲಿ ಅನೇಕ ಕಡೆ ಯಾರೂ ಇರುವುದಿಲ್ಲ. ಚಾಲಕರೇ ಇಳಿಯಬೇಕು, ಗಾಲಿಕುರ್ಚಿ ಬಿಡಿಸಬೇಕು, ಯಂತ್ರವಿರುವ ಕಟ್ಟೆಯನ್ನು ಹತ್ತಬೇಕು, ಭಾರವಾದ ಕೇಬಲ್ ಎಳೆಯಬೇಕು, ನಿಂತವರ ಕಣ್ಣಿನ ಎತ್ತರಕ್ಕೆ ಇಟ್ಟ ಪರದೆಯನ್ನು ಓದಬೇಕು, ಮೊಬೈಲಿನಿಂದ ಹಣ ಕಟ್ಟಬೇಕು. ಹೊಸ ತಂತ್ರಜ್ಞಾನವು ಕಾರಿನೊಳಗೆ ಕೊಟ್ಟ ಸ್ವಾತಂತ್ರ್ಯವನ್ನು ಕಾರಿನ ಹೊರಗೆ ಕಿತ್ತುಕೊಂಡಂತಾಯಿತು.

ಇದಕ್ಕೆ ಪರಿಹಾರ ದುಬಾರಿಯೇನಲ್ಲ. ಬ್ರಿಟನ್ನಿನ ಮಾನಕ ಸಂಸ್ಥೆ 2022ರ ಅಕ್ಟೋಬರಿನಲ್ಲಿ ಅಂಗವಿಕಲರಿಗೆ ಎಟುಕುವ ಚಾರ್ಜಿಂಗ್ ಕೇಂದ್ರ ಹೇಗಿರಬೇಕೆಂಬ ಮಾನದಂಡವನ್ನೇ ಪ್ರಕಟಿಸಿತು: ಯಂತ್ರದ ಎತ್ತರ, ಸುತ್ತಲಿನ ಖಾಲಿ ಜಾಗ, ನೆಲದ ಸಮತಟ್ಟು, ಕೇಬಲ್ ಎತ್ತಲು ಬೇಕಾಗುವ ಬಲ ಎಲ್ಲವನ್ನೂ ಅದು ವಿವರಿಸುತ್ತದೆ. ಅದು ಕಡ್ಡಾಯವಲ್ಲ. ಭಾರತದಲ್ಲಿ ಕಾನೂನಿನ ಬಲ ಅದಕ್ಕಿಂತ ಹೆಚ್ಚಾಗಿಯೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಂ ಸಾರಿಗೆಯ ಸೌಲಭ್ಯವನ್ನು, ವಾಹನಗಳ ಮಾರ್ಪಾಡನ್ನು, ಕೈಗೆಟಕುವ ಬೆಲೆಯಲ್ಲಿ ವೈಯಕ್ತಿಕ ಸಂಚಾರಕ್ಕೆ ಬೇಕಾದ ರಿಯಾಯಿತಿಗಳನ್ನು ಹೆಸರಿಸಿಯೇ ಹೇಳಿದೆ. 2024ರ ನವೆಂಬರ್ 8ರಂದು ರಾಜೀವ್ ರಾತುರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ಮಾನದಂಡಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು ತೀರ್ಪಿತ್ತಿತು. ಪಂಚಾಯಿತಿಯ ಎದುರು ಚಾರ್ಜಿಂಗ್ ಕಟ್ಟೆ ಕಟ್ಟುವ ಗುತ್ತಿಗೆದಾರನಿಗೆ ಈ ಮಾತನ್ನು ತಲುಪಿಸುವ ಕೆಲಸ ಬಾಕಿಯಿದೆ.

ಇನ್ನೊಂದು ಸೂಕ್ಷ್ಮವೂ ಇದೆ. ಬ್ಯಾಟರಿ ಖಾಲಿಯಾಗಿ ಕಾರು ಕಾಡಿನ ನಡುವೆ ನಿಂತರೆ ಕಾಲಿರುವವರು ನಡೆದು ಮುಂದಿನ ಊರು ಸೇರಿಯಾರು. ಮೊಬೈಲ್ ಸಿಗ್ನಲ್ ಸಿಗದ ಕಣಿವೆಯಲ್ಲಿ ಗಾಲಿಕುರ್ಚಿಯ ಚಾಲಕರಿಗೆ ಆ ದಾರಿಯಿಲ್ಲ. ಎಲ್ಲರಿಗೂ ಐವತ್ತು ಕಿಲೊಮೀಟರಿಗೊಂದು ಕೇಂದ್ರ ಸಾಕೆನಿಸಬಹುದಾದರೂ ಇವರಿಗೆ ಅದು ಸಾಲದು.

ಅಂಗಳದಿಂದ ರಸ್ತೆಗೆ

ಕಾರಿನೊಳಗೆ ಕೂರುವುದೇ ಮತ್ತೊಂದು ಹೋರಾಟ. ಗಾಲಿಕುರ್ಚಿಯಿಂದ ಸೀಟಿಗೆ ಸರಿಯಬೇಕಾದರೆ ಎರಡರ ಎತ್ತರವೂ ಹೆಚ್ಚುಕಡಿಮೆ ಸಮವಾಗಿರಬೇಕು. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿ ಸಾಮಾನ್ಯವಾಗಿ ನೆಲದಡಿಯಲ್ಲಿರುವುದರಿಂದ ನೆಲ ಎತ್ತರವಾಗುತ್ತದೆ. ಎತ್ತರದ ಕಾರುಗಳ ಷೋಕಿಯೂ ಅದಕ್ಕೆ ಸೇರಿದೆ. ಗಾಲಿಕುರ್ಚಿಯ ಸಮೇತ ಒಳಗೆ ಹೋಗುವಂತೆ ನೆಲವನ್ನು ಕತ್ತರಿಸಿ ತಗ್ಗಿಸುವ ಹಳೆಯ ವಿಧಾನ ಬ್ಯಾಟರಿಯಿರುವಲ್ಲಿ ನಡೆಯದು. ಬಾಗಿಲಿನತ್ತ ತಿರುಗುವ ಸೀಟನ್ನು ಬೆಂಗಳೂರಿನ ನವೋದ್ಯಮವೊಂದರ ಜೊತೆಗೂಡಿ ಮಾರುತಿ ಸುಜುಕಿ 2025ರಲ್ಲಿ 11 ನಗರಗಳಲ್ಲಿ ಮಾರಾಟಕ್ಕಿಟ್ಟಿತು. ಅದು ಬಂದದ್ದು ಇಂಧನ ಎಂಜಿನ್ನಿನ ವ್ಯಾಗನ್-ಆರ್ ಕಾರಿಗೆ. ಅಗ್ಗದ ವಿದ್ಯುತ್ ಕಾರುಗಳಿಗೂ ಕಾರ್ಖಾನೆಯಿಂದಲೇ ಇಂಥ ಸೀಟು, ಕೈಸನ್ನೆ ಬರುವಂತಾಗಬೇಕು. ಹೊರಗಿನ ಗ್ಯಾರೇಜಿನಲ್ಲಿ ತಂತಿಜಾಲಕ್ಕೆ ಕೈಹಚ್ಚಿದರೆ ವಾರಂಟಿಯ ತಕರಾರು ಏಳುವ ಭಯ ಚಾಲಕರದು.

ಇಷ್ಟಾದರೂ ಕಾರು ಅಂಗಳದ ತನಕ ಬಾರದ ಮನೆಗಳೆಷ್ಟೋ ಇವೆ. ಕಾಲುಸಂಕದ ಆಚೆಯ ಮನೆಗೆ, ದರೆಯ ಮೇಲಿನ ಮನೆಗೆ ಕಾರಿಗಿಂತ ಸಣ್ಣ ವಾಹನವೇ ಆಗಬೇಕು. ಐಐಟಿ ಮದ್ರಾಸಿನ ಸಂಶೋಧನೆಯಿಂದ ಹುಟ್ಟಿದ ನಿಯೋಬೋಲ್ಟ್ ಎಂಬ ಸಾಧನವು ಗಾಲಿಕುರ್ಚಿಯ ಮುಂದೆ ಜೋಡಣೆಯಾಗಿ, ಅದನ್ನು ಗಂಟೆಗೆ 25 ಕಿಲೊಮೀಟರ್ ವೇಗದವರೆಗೆ ರಸ್ತೆಯಲ್ಲಿ ಓಡುವ ವಾಹನವನ್ನಾಗಿ ಮಾಡುತ್ತದೆ. ಸರ್ಕಾರದ ಯೋಜನೆಗಳಡಿ ಬ್ಯಾಟರಿಯ ತ್ರಿಚಕ್ರಿಗಳೂ ಹಂಚಿಕೆಯಾಗುತ್ತವೆ. ಆದರೆ ಏರುದಾರಿಯ ಲೆಕ್ಕ ಇಲ್ಲಿಯೂ ಬೇಕು. ವಾಹನ, ಸವಾರ ಸೇರಿ 150 ಕಿಲೊಗ್ರಾಂ ಇದ್ದು, ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 10 ಕಿಲೊಮೀಟರ್ ವೇಗದಲ್ಲಿ ಸಾಗಬೇಕಾದರೆ, ಏರಿಗೊಂದಕ್ಕೇ 400 ವಾಟ್ ಬಲ ಬೇಕು. ಬಯಲುಸೀಮೆಯ ರಸ್ತೆಗೆಂದು ಮಾಡಿದ ಸಣ್ಣ ಮೋಟಾರು ಮಲೆನಾಡಿನ ಏರಿನಲ್ಲಿ ಕಾದು ನಿಲ್ಲುತ್ತದೆ. ಜಿಲ್ಲಾ ಕೇಂದ್ರದ ಮೈದಾನದಲ್ಲಿ ಹಾರ ಹಾಕಿ ಹಂಚುವ ಮೊದಲು, ಫಲಾನುಭವಿಯ ಮನೆಯ ದಾರಿ ಎಷ್ಟು ಏರಾಗಿದೆಯೆಂದು ಯಾರಾದರೂ ನೋಡಬೇಕಲ್ಲವೇ?

ಸಿಸಿಯಲ್ಲಿ ಅಳೆಯುವ ರಿಯಾಯಿತಿ

ಚಲನಾಂಗದ ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿರುವವರು ಕಾರು ಕೊಂಡರೆ ಶೇ 28ರ ಬದಲು ಶೇ 18ರ ಜಿಎಸ್‌ಟಿ ಎಂಬ ರಿಯಾಯಿತಿ ಜಾರಿಯಲ್ಲಿತ್ತು. ಆದರೆ ಅದನ್ನು ಅಳೆದದ್ದು ಎಂಜಿನ್ನಿನ ಗಾತ್ರದಿಂದ: ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿ, ಉದ್ದ ನಾಲ್ಕು ಮೀಟರಿನೊಳಗೆ. ವಿದ್ಯುತ್ ವಾಹನಗಳಿಗೆ 2019ರ ಆಗಸ್ಟ್‌ನಿಂದ ಎಲ್ಲರಿಗೂ ಶೇ 5ರ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ತೆರಿಗೆ ಎಲ್ಲರಿಗೂ ಶೇ 18ಕ್ಕೆ ಇಳಿಯಿತು. ಅಂಗವಿಕಲರಿಗೆಂದೇ ಇದ್ದ ಅಂತರ ಅಲ್ಲಿಗೆ ಅಳಿಯಿತು. ಕೋಟಿ ರೂಪಾಯಿಯ ವಿದ್ಯುತ್ ಕಾರು ಕೊಳ್ಳುವ ಸಿರಿವಂತರಿಗೂ, ಸಾಲ ಮಾಡಿ ಸಣ್ಣ ಕಾರು ಕೊಂಡು ಅದಕ್ಕೆ ಮೇಲೆ ಕೈಸನ್ನೆ ಹಾಕಿಸುವವರಿಗೂ ಒಂದೇ ಶೇ 5. ಮಾರ್ಪಾಡಿನ ಖರ್ಚನ್ನು ಹೊರಬೇಕಾದವರು ಒಬ್ಬರೇ ಆದಾಗ ಸಮಾನ ತೆರಿಗೆಯು ಸಮಾನತೆಯಾಗದು.

ಗೃಹಜ್ಯೋತಿಯಲ್ಲಿಯೂ ಇಂಥದೇ ಒಂದು ತೊಡಕಿದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆ ಮನೆಯ ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಉಚಿತ ಯೂನಿಟ್ಟುಗಳನ್ನು ಗೊತ್ತುಪಡಿಸಿತು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ತಿಂಗಳಿಗೆ 500 ಕಿಲೊಮೀಟರ್ ಓಡುವ ಸಣ್ಣ ಕಾರಿಗೆ ಸುಮಾರು 70 ಯೂನಿಟ್ ಬೇಕು. ಗಾಲಿಕುರ್ಚಿಯವರ ಕಾಲಾಗಿರುವ ಈ 70 ಯೂನಿಟ್ಟನ್ನು ಲೆಕ್ಕದಿಂದ ಹೊರಗಿಡುವುದು ಸರ್ಕಾರಕ್ಕೆ ದೊಡ್ಡ ಹೊರೆಯಾಗದು.

ಚಳವಳಿಯ ಆಕ್ಷೇಪಗಳು

ಪರಿಸರ ಚಳವಳಿಯ ಒಳಗಿನಿಂದ ಎರಡು ಆಕ್ಷೇಪಗಳು ಬರುತ್ತವೆ. ಎರಡಕ್ಕೂ ಉತ್ತರ ಹೇಳಬೇಕು.

ಮೊದಲನೆಯದು, ಖಾಸಗಿ ಕಾರು ಬೇಡ, ಬಸ್ಸು ಬೇಕು ಎಂಬುದು. ಬಸ್ಸಿನ ಬೇಡಿಕೆ ಸರಿಯಾದದ್ದೇ. ಆದರೆ ಎತ್ತರದ ಮೆಟ್ಟಿಲಿನ, ದಿನಕ್ಕೆರಡು ಸಲ ಬರುವ ಬಸ್ಸು ನಿಲ್ಲುವುದು ಮನೆಯಿಂದ ಎರಡು ಮೈಲಿ ಆಚೆ. ಕಾಲುನಡಿಗೆ, ಸೈಕಲ್ಲು, ಬಸ್ಸುಗಳನ್ನೇ ಸದ್ಗುಣವೆಂದು ಸಾರುವ ಚಳವಳಿಯು ನಡೆಯಲಾರದವರನ್ನು ತನಗೆ ತಿಳಿಯದಂತೆಯೇ ಹೊರಗಿಡುತ್ತದೆ. ಕಾರುಗಳ ಸಂಖ್ಯೆ ಇಳಿಯಬೇಕೆಂದು ಕೇಳುವವರೇ, ಯಾರಿಗೆ ವಾಹನವು ಅಂಗದಷ್ಟೇ ಅಗತ್ಯವೋ ಅವರ ವಾಹನ ಮೊದಲು ಸ್ವಚ್ಛವಾಗಲಿ, ಸುಲಭವಾಗಲಿ ಎಂದೂ ಕೇಳಬೇಕು. ಎರಡು ಬೇಡಿಕೆಗಳಿಗೂ ವಿರೋಧವಿಲ್ಲ.

ಎರಡನೆಯದು ವಿದ್ಯುತ್ತಿನ ಮೂಲದ ಪ್ರಶ್ನೆ. ಸಿಂಗಳೀಕಗಳ ಅಭಯಾರಣ್ಯದಲ್ಲಿ 2,000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಹಸಿರು ಶಕ್ತಿಯ ಹೆಸರಿನಲ್ಲಿಯೇ ಸಮರ್ಥಿಸಲಾಗಿದೆ. ಲಿಂಗನಮಕ್ಕಿಯಲ್ಲಿ ಊರು ಕಳೆದುಕೊಂಡವರ ಮಕ್ಕಳಿಗೆ ಇಂಥ ಮಾತಿನ ಬೆಲೆ ಗೊತ್ತು. ಆದರೆ ಅಂಗವಿಕಲ ಚಾಲಕರ ಹೆಸರಿನಲ್ಲಿ ಕಣಿವೆ ಮುಳುಗಿಸುವ ಅಗತ್ಯ ಯಾರಿಗೂ ಇಲ್ಲ. ಮೇಲೆ ಹೇಳಿದ ಕಾರಿಗೆ ವರ್ಷಕ್ಕೆ ಬೇಕಾದದ್ದು 850 ಯೂನಿಟ್‌ನಷ್ಟು. ಒಂದು ಕಿಲೊವಾಟ್ ಸೌರಫಲಕ ಕರ್ನಾಟಕದ ಬಿಸಿಲಿನಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಯೂನಿಟ್ ಕೊಡುತ್ತದೆ; ಮಲೆನಾಡಿನ ಮಳೆಗಾಲದಲ್ಲಿ ಇಳುವರಿ ತಗ್ಗುವುದರಿಂದ ಎರಡು ಕಿಲೊವಾಟ್ ಇದ್ದರೆ ನಿಶ್ಚಿಂತೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ಎರಡು ಕಿಲೊವಾಟ್‌ಗೆ 60,000 ರೂಪಾಯಿ ಸಹಾಯಧನ ಗೊತ್ತುಪಡಿಸಿತು. ಮನೆಯ ಹೆಂಚಿನ ಮೇಲೆ ಹುಟ್ಟುವ ವಿದ್ಯುತ್ತಿನಿಂದ ಮನೆಯವರೊಬ್ಬರ ಸಂಚಾರ ನಡೆದರೆ ಅದು ಚಳವಳಿ ಇಷ್ಟು ದಿನ ಹೇಳುತ್ತ ಬಂದ ವಿಕೇಂದ್ರೀಕರಣವೇ.

ಒಬ್ಬರ ಅನುಕೂಲ ಇನ್ನೊಬ್ಬರಿಗೆ ಅಪಾಯವಾಗಬಾರದೆಂಬುದನ್ನೂ ಇಲ್ಲಿ ಹೇಳಬೇಕು. ನಿಧಾನ ಚಲಿಸುವ ವಿದ್ಯುತ್ ಕಾರಿನ ಸದ್ದು ಕೇಳಿಸದೆ ದೃಷ್ಟಿಹೀನರು ಗಾಬರಿಯಾಗುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ 2021ರ ಜುಲೈನಿಂದ ಎಲ್ಲ ಹೊಸ ವಿದ್ಯುತ್ ಕಾರುಗಳೂ ಕಡಿಮೆ ವೇಗದಲ್ಲಿ ಎಚ್ಚರಿಕೆಯ ಸದ್ದು ಹೊರಡಿಸಬೇಕು. ಭಾರತ ಸರ್ಕಾರವೂ 2025ರಲ್ಲಿ ಇಂಥದೇ ಕರಡು ನಿಯಮವನ್ನು ಪ್ರಕಟಿಸಿತು.

ಮಾಡಬೇಕಾದದ್ದು

ಗ್ರಾಮ ಪಂಚಾಯಿತಿಗಳು ಸ್ವಂತ ಸಂಪನ್ಮೂಲದ ಶೇ 5ನ್ನು ಅಂಗವಿಕಲರಿಗಾಗಿ ವೆಚ್ಚ ಮಾಡಬೇಕೆಂಬ ನಿಯಮ ರಾಜ್ಯದಲ್ಲಿದೆ. ಆ ಹಣದಿಂದ ಪಂಚಾಯಿತಿ ಕಚೇರಿಯ ಬಳಿ ಮೆಟ್ಟಿಲಿಲ್ಲದ, ಸೂರಿರುವ, ಕುಳಿತವರ ಕೈಗೆಟಕುವ 15 ಆಂಪಿಯರ್ ಸಾಕೆಟ್ಟೊಂದನ್ನು ಹಾಕಿಸಲು ಬೆಂಗಳೂರಿನ ಅಪ್ಪಣೆಗೆ ಕಾಯಬೇಕಾಗಿಲ್ಲ. ಕಾರಿಗೂ ಸ್ಕೂಟರಿಗೂ ತ್ರಿಚಕ್ರಿಗೂ ಅದೇ ಸಾಕು. ಮಲೆನಾಡಿನ ಜಿಲ್ಲೆಗಳಲ್ಲಿ ಹಂಚುವ ವಾಹನಗಳನ್ನು ಏರುದಾರಿಯಲ್ಲಿ ಪರೀಕ್ಷಿಸಿಯೇ ಕೊಳ್ಳಬೇಕೆಂದು ಇಲಾಖೆಯನ್ನು ಕೇಳಬಹುದು. ಕಾಲುಸಂಕ ದುರಸ್ತಿಯಾಗುವಾಗ ಗಾಲಿಕುರ್ಚಿ ದಾಟುವಷ್ಟು ಅಗಲ ಮಾಡಿಸಬಹುದು.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಅಳತೆಪಟ್ಟಿ ಹಿಡಿದು ತಾಲ್ಲೂಕಿನ ಚಾರ್ಜಿಂಗ್ ಕೇಂದ್ರಗಳಿಗೆಲ್ಲ ಹೋಗಿ ಬರಲಿ: ಕಟ್ಟೆ ಎಷ್ಟು ಎತ್ತರ, ಪಕ್ಕದಲ್ಲಿ ಗಾಲಿಕುರ್ಚಿ ತಿರುಗಲು ಜಾಗವಿದೆಯೇ, ಪರದೆ ಎಷ್ಟು ಮೇಲಿದೆ, ಮಳೆಯಲ್ಲಿ ನೆನೆಯದೆ ಕೇಬಲ್ ಚುಚ್ಚಬಹುದೇ. ಜೊತೆಗೆ ಗಾಲಿಕುರ್ಚಿ ಬಳಸುವವರೊಬ್ಬರನ್ನು ಕರೆದೊಯ್ಯಲಿ. ಕಣ್ಣಿಗೆ ಕಾಣದ ತೊಡಕು ಅವರ ಕೈಗೆ ತಿಳಿಯುತ್ತದೆ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಲಿ. ವಿದ್ಯುತ್ ಕಾರು ಅಂಗವಿಕಲರಿಗೆ ಒಗ್ಗೀತೇ ಎಂಬ ಪ್ರಶ್ನೆಗೆ ಕಾರು ತನ್ನ ಪಾಲಿನ ಉತ್ತರವನ್ನು ಕೊಟ್ಟಾಗಿದೆ. ಉಳಿದ ಉತ್ತರವನ್ನು ಊರು ಕೊಡಬೇಕು.